ಪ್ಲಾಂಟರ್ ಸಾಹುಕಾರರು ಯಾವ ವರ್ಗ?

ಬೂರ್ಜ್ವಾ ಎಂಬ ಫ್ರೆಂಚ್ ಪದಕ್ಕೆ ಮೂಲದಲ್ಲಿ ಪೇಟೆಯವನು ಎಂದರ್ಥ. ಉತ್ಪಾದನೆಯ ಸಾಧನ ಯಾರ ಕೈಯಲ್ಲಿದೆಯೋ ಅವನೇ ಬೂರ್ಜ್ವಾ ಎಂದು ಮಾರ್ಕ್ಸ್ ಆಮೇಲೆ ಲೆಕ್ಕ ಸರಿಮಾಡಿದ. ಆತ ಕೊಡಗಿಗೆ ಬರಲಿಲ್ಲ. ಇಲ್ಲಿ ಕಚೇರಿ ಬದಲಾದಂತೆ ವರ್ಗವೂ ವರ್ಗವಾಗುತ್ತದೆ.

ಒಬ್ಬರ ಬಳಿ ಎಷ್ಟು ಜಮೀನಿರಬಹುದು ಎಂಬ ಮಿತಿಯ ಮಾತು ಬಂದರೆ ಕಾಫಿ ತೋಟದ ಸಾಹುಕಾರರು ರೈತರಲ್ಲ, ಪ್ಲಾಂಟೇಷನ್. ಕರ್ನಾಟಕ ಭೂಸುಧಾರಣಾ ಕಾಯ್ದೆಯ 104ನೇ ಕಲಂ ಅವರನ್ನು ಕಾಪಾಡುತ್ತದೆ; ಮಿತಿಯೇನಿದ್ದರೂ ಪಕ್ಕದ ಗದ್ದೆಯವನಿಗೆ. ತೆರಿಗೆಯ ಮಾತು ಬಂದರೆ ಅವರೇ ರೈತರು. ಇಲ್ಲಿ ಲೆಕ್ಕ ಸ್ವಲ್ಪ ಸೂಕ್ಷ್ಮ. ಒಣಗಿಸಿದ ಚೆರ್ರಿಯನ್ನು, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣನ್ನು, ಹಾಗೇ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ತೆರಿಗೆಯಿಲ್ಲ. ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಹಸನು ಮಾಡಿಸಿ ಮಾರಿದರೆ, ಆದಾಯ ತೆರಿಗೆ ನಿಯಮಗಳ ಪ್ರಕಾರ, ಆದಾಯದ ಶೇ 25 ವ್ಯಾಪಾರ. ಹುರಿದು ಪುಡಿ ಮಾಡಿದರೆ ಶೇ 40, ಚಿಕೋರಿ ಬೆರೆಸಿದರೂ ಸರಿ, ಬೆರೆಸದಿದ್ದರೂ ಸರಿ. ಹೀಗೆ ಕಾಲು ಬೂರ್ಜ್ವಾ, ಮುಕ್ಕಾಲು ರೈತ ಎಂಬ ಜೀವಿಯನ್ನು ಸರ್ಕಾರವೇ ಅಳೆದು ಸೃಷ್ಟಿಸಿತು. ಮಾರ್ಕ್ಸ್‌ಗೆ ಇಷ್ಟು ನಿಖರತೆ ಎಲ್ಲಿಂದ ಬರಬೇಕು!

ಆಳುಗಳ ಲೆಕ್ಕಕ್ಕೆ ಬಂದರೆ ಮತ್ತೆ ಪಲ್ಟಿ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ 5 ಹೆಕ್ಟೇರ್ ಮತ್ತು 15 ಕಾರ್ಮಿಕರು ಎಂದು ಗೆರೆ ಎಳೆದಿತ್ತು. ಗೆರೆ ದಾಟಿದರೆ ಮನೆ, ಚಿಕಿತ್ಸೆ ಎಲ್ಲ ಕೊಡಬೇಕಿತ್ತು. ತೋಟದ ಲೆಕ್ಕ ಬರೆಯುವ ಜಾಣ ರೈಟರ್ ಹಾಜರಿ ಪುಸ್ತಕವನ್ನು 14ಕ್ಕೆ ನಿಲ್ಲಿಸುವುದನ್ನು ಕಲಿತ. ಹದಿನೈದನೆಯವಳು ಕಾಫಿ ಕೊಯ್ಯುತ್ತಿದ್ದಳು, ಪುಸ್ತಕದಲ್ಲಿ ಮಾತ್ರ ಇರಲಿಲ್ಲ.

ವರ್ಗಪ್ರಜ್ಞೆ ಮಳೆಗೂ ಬಗ್ಗುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಮೊಗ್ಗು ಅರಳಿಸುವ ಹೂಮಳೆ ಒಂದಿಂಚು ಬಿದ್ದು, ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಸಿಕ್ಕರೆ ಕ್ಲಬ್ಬಿನಲ್ಲಿ ಪ್ಲಾಂಟರ್. ಮಳೆ ಮೂವತ್ತು ಸೆಂಟಿಗೇ (ನೂರು ಸೆಂಟಿಗೆ ಒಂದಿಂಚು) ನಿಂತು ರೊಬಸ್ಟಾ ಕಾಫಿಯ ಮೊಗ್ಗು ಅರ್ಧ ಬಿರಿದು ಸುಟ್ಟರೆ ಮಾರನೇ ದಿನ ತಾಲ್ಲೂಕು ಕಚೇರಿ ಮುಂದೆ ಅನ್ನದಾತ. ಸ್ಪ್ರಿಂಕ್ಲರ್ ಇರುವವರು ಮಾತ್ರ ಎರಡೂ ಕಡೆ ಕಾಣುತ್ತಾರೆ.

ಹಣ್ಣಿನ ಜೊತೆ ಹಸಿರು ಕಾಯಿ ಬಂದರೆ ಕೊಯ್ದವರ ತೂಕಕ್ಕೆ ಕತ್ತರಿ. 50 ಕಿಲೋ ಚೆರ್ರಿ ಚೀಲದಲ್ಲಿ ಓಟಿ, ಅಂದರೆ ಸಿಗುವ ಬೀಜದ ತೂಕ, 28 ಕಿಲೋ ಬದಲು 26 ಬಂತೆಂದು ವ್ಯಾಪಾರಿ ದರ ಇಳಿಸಿದರೆ ಮಾತ್ರ ಅದು ಶೋಷಣೆ.

ರೊಬಸ್ಟಾ ಚೆರ್ರಿ ಚೀಲಕ್ಕೆ 10 ಸಾವಿರ ದಾಟಿದ ವರ್ಷ ಕಾರ್ಮಿಕರ ಲೈನ್ ಮನೆಯ ಶೀಟು ಸೋರುತ್ತಿದೆ ಎಂದು ರೈಟರ್ ಹೇಳಿದರೆ, ಹೊಸ ಜೀಪಿನ ಕಿಟಕಿ ಇಳಿಸಿ ಉತ್ತರ ಬರುತ್ತದೆ: "ಮುಂದಿನ ವರ್ಷ ನೋಡುವ ಮಾರಾಯ. ನಾವೂ ರೈತರೇ ಅಲ್ವಾ?"