ಎಡನೀರು ಸ್ವಾಮೀಜಿಯವರ ಕುರಿತ ಸಂದೇಶ: ತಿದ್ದುಪಡಿ

'2020ರ ಕಾಸರಗೋಡು: ಒಂದು ಮೆಲುಕು' ಎಂಬ ನನ್ನ ವಾಟ್ಸಾಪ್ ಸಂದೇಶ ಇನ್ನೂ ಓಡಾಡುತ್ತಿದೆ. ಅದರಲ್ಲಿ ಎರಡು ದಿನಾಂಕ ಅದಲುಬದಲಾಗಿವೆ. ತಪ್ಪು ನನ್ನದೇ, ಕ್ಷಮಿಸಿ.

ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಬ್ರಹ್ಮೈಕ್ಯರಾದದ್ದು ಸೆಪ್ಟೆಂಬರ್ 6, ಭಾನುವಾರ. ತೆಕ್ಕಿಲ್‌ನ ಟಾಟಾ ಕೋವಿಡ್ ಆಸ್ಪತ್ರೆ ಸರಕಾರಕ್ಕೆ ಹಸ್ತಾಂತರವಾದದ್ದು 9ರಂದು. ಅಮ್ಮ ಮಡಚಿಟ್ಟಿದ್ದ 7ನೇ ತಾರೀಕಿನ ಪತ್ರಿಕೆ ಬಿಡಿಸಿ ನೋಡಿದೆ; ಮುಖಪುಟದಲ್ಲೇ ಸ್ವಾಮೀಜಿಯವರ ಚಿತ್ರ.

'ಕೇಸು ಗೆದ್ದು ಮಠದ ಭೂಮಿ ವಾಪಸು ಪಡೆದರು' ಎಂಬ ಸಾಲನ್ನು ಯಾರೋ ಆಮೇಲೆ ಸೇರಿಸಿದ್ದಾರೆ. ಅದು ನಿಜವಲ್ಲ. ಮಠದ ಭೂಮಿಗೆ ಸಂಬಂಧಿಸಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಸ್ವಾಮೀಜಿ ಹೂಡಿದ್ದ ಆ ಕೇಸಿನಲ್ಲಿ, 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಲ್ಲಿ ಹೇಳಿದ್ದು, ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಎಂದು. ಮಠಕ್ಕೆ ಭೂಮಿ ಮರಳಲಿಲ್ಲ. ನನ್ನ ಮಟ್ಟಿಗೆ ಅವರ ಹಿರಿಮೆ ಇರುವುದೂ ಅಲ್ಲೇ.

ಹಳೆಯ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಕಳಿಸಿದ್ದರೆ ಅಲ್ಲಿಗೆ ಇದನ್ನೂ ಕಳಿಸಿ.