ಮೈನಸ್ ಹದಿನೆಂಟು ರಜಿಸ್ಟರ್‌ದಾಗ ಐತ್ರಿ

ಏಪ್ರಿಲ್ ತಿಂಗಳದಾಗ ಗದಗ ರೋಡಿನ ಡಾಂಬರು ಮೆತ್ತಗಾಗಿ ಚಪ್ಪಲಿಗೆ ಹತ್ತೂವಾಗ, ಹುಬ್ಬಳ್ಳಿ ಮಂದಿ ಸಂಜಿ ಆಗೂತನಕಾ ಹೊರಗ ಕಾಲ ಇಡೂದಿಲ್ಲ ಅಂತ ಬಾಗಲಾ ಹಾಕ್ಕೊಂಡ ಕುಂತಾಗ, ಒಂದ ವಸ್ತು ಮಾತ್ರ ಹಗಲು ರಾತ್ರಿ ಮೈನಸ್ 18 ಡಿಗ್ರಿಯೊಳಗ ಅಲ್ಲಾಡದ ಕುಂತಿರ್ತೈತಿ. ಐಸ್‌ಕ್ರೀಮ್ ಅನ್ಕೊಂಡ್ರೇನು? ಛೇ ಛೇ. ಐಸ್‌ಕ್ರೀಮ್ ಗಾಡಿ ಸಂಗಾಟ ಬರೂ ಟೆಂಪರೇಚರ್ ರಜಿಸ್ಟರ್. ಮುಂಜಾನೆ ಆರಕ್ಕ ಮೈನಸ್ 18, ಎಂಟಕ್ಕ ಮೈನಸ್ 18, ನಡು ಮಧ್ಯಾಹ್ನ ಮೈನಸ್ 18, ಎಲ್ಲಾ ಒಂದ ಪೆನ್ನು, ಒಂದ ಕೈಬರಹ, ಯಾಕಂದ್ರ ಚಾ ಕುಡ್ಯಾಕ ನಿಂತಾಗ ದಿನದ್ದೆಲ್ಲಾ ಒಮ್ಮೆಲೆ ತುಂಬಿ ಮುಗಿಸಿರ್ತಾರ, ಟೈಮ್ ಉಳಿದ್ರ ನಾಳಿದ್ದೂ ಒಂದ್ ನಾಕ ಸಾಲು ಹೊಡದಿಡ್ತಾರ, ನಾಳೆ ಕೆಲಸ ಹಗರ ಆಗ್ಲಿ ಅಂತ.

ಫ್ರೋಜನ್ ಮಾಲು ಮೈನಸ್ 18 ಇಲ್ಲಾ ಅದಕ್ಕಿಂತ ಕೆಳಗ ಇರಬೇಕು ಅಂತ ಫುಡ್ ಸೇಫ್ಟಿ ನಿಯಮ 2011ರಿಂದ ಹೇಳ್ಕೋತ ಬಂದೈತಿ. ನಮ್ಮ ಮಂದಿ ನಿಯಮಕ್ಕ ಭಾಳ ಮರ್ಯಾದಿ ಕೊಡ್ತಾರ, ಅದಕ್ಕ ಎಲ್ಲಿ ಚೆಕ್ ಮಾಡ್ತಾರೋ ಅಲ್ಲಿ, ಅಂದ್ರ ಕಾಗದದ ಮ್ಯಾಲೆ, ಒಂದ್ ಡಿಗ್ರಿ ಸುದ್ದಾ ಹೆಚ್ಚು ಕಡಿಮಿ ಆಗಾಕ ಬಿಡೂದಿಲ್ಲ.

ಗೋದಾಮಿನ ಗೇಟಿನ್ಯಾಗ ಸಾಹೇಬ್ರಿಗೂ ಡ್ರೈವರ್‌ಗೂ ನಡಿಯೂ ಮಾತು ಕೇಳ್ರಿ.

"ತಮ್ಮಾ, ಒಳಗ ಎಷ್ಟೈತೋ?"

"ಮೈನಸ್ ಹದಿನೆಂಟಕ್ಕ ಇಟ್ಟೇನ್ರೀ ಸಾಹೇಬ್ರ."

"ಇಟ್ಟೀ ಖರೆ, ಐತೇನು?"

"ಇಟ್ಟೇನಲ್ರೀ!"

ಮುಗೀತು, ಗಾಡಿ ಒಳಗ. ರೀಫರ್ ಗಾಡಿ, ಅಂದ್ರ ಥಂಡಿ ಮಷಿನ್ ಇರೂ ಗಾಡಿ, ಅದರ ಡಿಸ್‌ಪ್ಲೇದಾಗ ಎರಡು ನಂಬರ್ ಇರ್ತಾವು, ಒಂದು ನಾವು ಒತ್ತಿ ಇಟ್ಟದ್ದು, ಸೆಟ್ ಪಾಯಿಂಟು, ಇನ್ನೊಂದು ಒಳಗಿನ ಗಾಳಿ ಖರೇ ಎಷ್ಟೈತಿ ಅನ್ನೂದು. ಸೆಟ್ ಪಾಯಿಂಟ್ ಅಂದ್ರ ಚುನಾವಣೆ ಪ್ರಣಾಳಿಕೆ ಇದ್ದಂಗ, ಬರದದ್ದು ಖರೆ, ಬರದವರೂ ಖರೆ, ಐದ ವರ್ಷ ಆದ್ರೂ ಅದು ಹಂಗ ಇರ್ತೈತಿ. ಇನ್ನ ಆ ಎರಡನೇ ನಂಬರ್ ಸುದ್ದಾ ಗಾಳಿದು, ಮಾಲಿಂದಲ್ಲ. ಮಾಲಿಂದು ನೋಡಬೇಕಂದ್ರ ಎರಡು ಬಾಕ್ಸ್ ನಡುವ ಕಡ್ಡಿಯಂಥಾ ಪ್ರೋಬ್ ಇರೂ ಥರ್ಮಾಮೀಟರ್ ತುರುಕಿ ಒಂದಿಷ್ಟೊತ್ತು ಕಾಯಬೇಕು. ಅಷ್ಟು ವ್ಯಾಳ್ಯಾ ಯಾರಿಗೈತ್ರೀ, ಕೋವಿಡ್ ಟೈಮಿನ್ಯಾಗ ಹಣಿಗೆ ಹಿಡೀತಿದ್ದ ಗನ್ನು ಡ್ರಾವರ್‌ದಾಗ ಐತಲ್ಲ, ಅದನ್ನ ತಗೊಂಡು ಬಾಗಲಾದ ಸನೇದ ರಟ್ಟಿನ ಡಬ್ಬಿಗೆ ಹಿಡಿಯೂದು. ಅದು ತೋರಿಸೂದು ರಟ್ಟಿನ ಜ್ವರ.

ಡ್ರೈವರ್‌ಗೆ ಬಯ್ಯೂದು ಹಗರ ಐತಿ, ಎಲ್ಲಾರೂ ಅದನ್ನ ಮಾಡ್ತಾರ. ಆದ್ರ ಸಾವ್ಕಾರ್ರ ಲೆಕ್ಕಾ ನೋಡ್ರಿ. ಡೀಸೆಲ್ ಕೊಡೂದು ಕಿಲೋಮೀಟರ್ ಲೆಕ್ಕದಾಗ. ಕೂಲಿಂಗ್ ಯೂನಿಟ್ ಡೀಸೆಲ್ ಕುಡಿಯೂದು ತಾಸಿನ ಲೆಕ್ಕದಾಗ. ಗಾಡಿ ಓಡ್ಲಿ ನಿಂತಿರ್ಲಿ ಅದಕ್ಕ ಉಸಾಬರಿ ಇಲ್ಲ, ಬಿಸಲು ಒಳಗ ಬರೂದು ನಿಲ್ಲೂತನಕಾ ಅದು ಕುಡೀತಿರಬೇಕು. ಇನ್ನ ಪುಣೆ-ಬೆಂಗಳೂರು ಹೆದ್ದಾರಿ ಎರಡೂ ಕಡೆ ಅಗಲ ಆದಮ್ಯಾಲೂ ನಮ್ಮ ಹುಬ್ಬಳ್ಳಿ-ಧಾರವಾಡದ ಗಬ್ಬೂರು-ನರೇಂದ್ರ ನಡುವ ಬೈಪಾಸು ವರ್ಷಾನುಗಟ್ಲೆ ಎರಡ ಲೇನಿನ್ಯಾಗ ಉಳಕೊಂಡಿತ್ತು, ಆಮ್ಯಾಲೆ ಅಗಲ ಮಾಡೂ ಕೆಲಸ ಶುರು ಆತು, ಅಲ್ಲಿ ಒಂದು ಟಿಪ್ಪರ್ ಅಡ್ಡ ನಿಂತ್ರ ಹಿಂದ ನಿಂತ ಗಾಡಿಗಳೆಲ್ಲಾ ಕಿಲೋಮೀಟರ್ ಸೊನ್ನೆ, ತಾಸು ಎರಡು. ಆ ಎರಡ ತಾಸಿನ ಡೀಸೆಲ್ ಯಾರ ಕಿಸೆದಿಂದ? ಹಿಂಗಾಗಿ ತಮ್ಮಾ ಸ್ವಿಚ್ ಆಫ್ ಮಾಡ್ತಾನ, ಊರು ಬರೂಕಿಂತ ಅರ್ಧಾ ತಾಸು ಮೊದಲು ಆನ್ ಮಾಡ್ತಾನ, ಗೇಟಿಗೆ ಬರೂದರಾಗ ಗಾಳಿ ತಂಪಾಗಿರ್ತೈತಿ, ಒಳಗಿನ ಡಬ್ಬಿ ಅಳಾಕತ್ತಿರ್ತಾವು. ಸಣ್ಣ ಗಾಡಿದಂತೂ ಇನ್ನೂ ಮಜಾ, ಭಾಳಷ್ಟರಾಗ ಕಂಪ್ರೆಸರ್ ತಿರಗೂದ ಗಾಡಿ ಇಂಜಿನ್ ಬೆಲ್ಟಿನ್ಯಾಗ, ಧಾಬಾದಾಗ ರೊಟ್ಟಿ ತಿನ್ನಾಕ ಇಂಜಿನ್ ಬಂದ್ ಮಾಡಿದ್ರ ಥಂಡಿನೂ ಊಟಕ್ಕ ಇಳಿತೈತಿ.

ಹಮಾಲರ ಕಡೆ ಬರ್ರಿ. ಅವರಿಗೆ ಯಾರೂ ಒಂದ ಮಾತು ಹೇಳಿಲ್ಲ, ರೀಫರ್ ಅಂದ್ರ ಬಿಸಿ ಮಾಲನ್ನ ತಂಪು ಮಾಡೂ ಮಷಿನ್ ಅಲ್ಲಪ್ಪಾ, ಮೊದಲ ತಂಪಾಗಿರೂ ಮಾಲನ್ನ ಹಂಗ ಕಾಯೂದಷ್ಟ ಅದರ ತಾಕತ್ತು, ಅದಕ್ಕ ಲೋಡ್ ಮಾಡೂಕಿಂತ ಮೊದಲು ಗಾಡಿಯ ಖಾಲಿ ಡಬ್ಬಾನೂ ತಂಪು ಮಾಡಬೇಕು ಅಂತ. ಹೇಳಬೇಕಾದ ಸೂಪರ್‌ವೈಜರ್‌ನ "ಹಾಕ್ರಲೇ, ದಾರ್ಯಾಗ ತಂಪ ಆಗ್ತೈತಿ" ಅಂತಾನ. ಹಾಕ್ತಾರ, ಛತ್ತಿಗೆ ಹತ್ತೂಮಟಾ ಹಾಕ್ತಾರ. ಥಂಡಿ ಗಾಳಿ ಮುಂದಿಂದ ಬಂದು ಮಾಲಿನ ಮ್ಯಾಲಿಂದ ಹಿಂದಿನ ಬಾಗಲಾತನಕಾ ಹೋಗಿ ಕೆಳಗಿಂದ ವಾಪಸ್ ಬರಬೇಕು, ಅದಕ್ಕಂತನ ಒಳಗ ಕೆಂಪು ಗೆರಿ ಹೊಡದಿರ್ತಾರ, ಇದರ ಮ್ಯಾಲೆ ಒಟ್ಟಬ್ಯಾಡ್ರಿ ಅಂತ. ನಮ್ಮಲ್ಲಿ ಆ ಗೆರಿ ಕಾಣಬೇಕಂದ್ರ ಗಾಡಿ ಪೂರಾ ಖಾಲಿ ಆಗಬೇಕು. ಬಾಗಲಾದಾಗಿನ ಪ್ಲಾಸ್ಟಿಕ್ ಪರದಾನೂ ಮಾರಿಗೆ ಬಡೀತೈತಿ ಅಂತ ಸುತ್ತಿ ಸುತಳಿಯಿಂದ ಕಟ್ಟಿರ್ತಾರ, ಚೊಲೋ ಗಂಟು, ಬಿಚ್ಚಾಕ ಬರೂದಿಲ್ಲ.

ಇದರಾಗ ಒಬ್ಬ ಶ್ಯಾಣ್ಯಾ ಬರ್ತಾನ್ರೀ. "ಅಣ್ಣಾ, ಗಾಡಿ ಹೆಂಗೂ ಹೊಂಟೈತಿ, ಒಂದ್ ಮೂಲ್ಯಾಗ ಹಾಲಿನ ಕ್ರೇಟ್ ಇಡ್ಲಿ, ಇನ್ನೊಂದ್ರಾಗ ಧಾರವಾಡ ಆಪೂಸ್ ಇಡ್ಲಿ, ಮುಂದ ಐಸ್‌ಕ್ರೀಮ್ ಇರ್ಲಿ, ಬಾಡಗಿ ಮೂರ ಪಾಲ ಆಕ್ಕೇತಿ." ನಡುವ ಗೋಡಿ ಇರೂ ಗಾಡಿ ಬ್ಯಾರೆ ಬರ್ತಾವು, ಇದು ಅದಲ್ಲ. ಹಾಲಿಗೆ 4 ಡಿಗ್ರಿ ಬೇಕು, ಮಾವಿನಹಣ್ಣಿಗೆ ಸುಮಾರು 13, ಅದಕ್ಕಿಂತ ಭಾಳ ಕೆಳಗ ಹೋದ್ರ ಸಿಪ್ಪಿ ಕಪ್ಪಾಗಿ ಹಣ್ಣಾಗೂದನ್ನ ಮರತ ಬಿಡ್ತೈತಿ, ಐಸ್‌ಕ್ರೀಮಿಗೆ ಮೈನಸ್ 18. ಶ್ಯಾಣ್ಯಾ ಮೊಬೈಲ್ ತಗದು ಮೂರೂ ಕೂಡಿಸಿ ಭಾಗಾಕಾರ ಮಾಡಿದಾ, ಹತ್ತಿರ ಹತ್ತಿರ ಸೊನ್ನೆ ಬಂತು. ಸೊನ್ನೆಕ್ಕ ಸೆಟ್ ಮಾಡಿಸಿದಾ. ಐಸ್‌ಕ್ರೀಮ್ ಪಾಯಸ ಆತು, ಮಾವಿನಹಣ್ಣಿಗೆ ಥಂಡಿ ಬಡೀತು, ಹಾಲೊಂದ ಬಚಾವ್.

ಕರಗಿದ್ದು ಮತ್ತ ಗಟ್ಟಿ ಆಗ್ತೈತಿ, ಅದ ದೊಡ್ಡ ಅನುಕೂಲ. ಡೀಲರ್ ಫ್ರೀಜರ್‌ದಾಗ ಒಂದು ರಾತ್ರಿ ಕಳದ್ರ ಕಲ್ಲಿನಂಗ ಆಗ್ತೈತಿ, ಆದ್ರ ಒಳಗ ಬರ್ಫಿನ ಹರಳು ದೊಡ್ಡು ಆಗಿರ್ತಾವು, ಗಾಳಿ ಹೋಗಿ ಕಪ್ಪಿನ್ಯಾಗ ಅರ್ಧಕ್ಕ ಇಳದಿರ್ತೈತಿ. ಹಲ್ಲಿಗೆ ಮರಳ ಹತ್ತಿದಂಗ ಆತಂದ್ರ ತಿಳ್ಕೊಳ್ರಿ, ಅದು ಬೈಪಾಸಿನ್ಯಾಗ ಟಿಪ್ಪರ್ ಹಿಂದ ನಿಂತು ಬಂದದ್ದು.

ವಾಪಸ್ ಹೋಗೂವಾಗ ಗಾಡಿ ಖಾಲಿ ಹೋದ್ರ ಸಾವ್ಕಾರ್ರಿಗೆ ನಿದ್ದಿ ಬರೂದಿಲ್ಲ, ಬ್ಯಾಡಗಿಯೊಳಗ ಮೆಣಸಿನಕಾಯಿ ಚೀಲ ಏರಿಸ್ತಾರ. ಮುಂದಿನ ಟ್ರಿಪ್ಪಿನ ವೆನಿಲಾಕ್ಕ ಘಾಟು ಹತ್ತಿರ್ತೈತಿ. ಬ್ಯಾಡಗಿ ಕಾಯಿ ನಸೀಬ ನೋಡ್ರಿ, 2011ರಾಗ ಜಿಐ ಟ್ಯಾಗ್ ತಗೊಂಡು, ಬಣ್ಣ ಹೋಗಬಾರದಂತ ಊರ ತುಂಬ ಕೋಲ್ಡ್ ಸ್ಟೋರೇಜ್ ಕಟ್ಟಿಸ್ಕೊಂಡು, ತಾನು ಒಣಗಿದ್ರೂ ಥಂಡಿಯೊಳಗ ಮಲಗೇತಿ. ಕರಗೂ ಜಾತಿ ಮಾತ್ರ ಬಿಸಲಾಗ ಲೈನ್ ಹಚ್ಚಿ ನಿಂತೈತಿ.

ಹೊಸಾ ಗಾಡಿ ಉದ್ಘಾಟನೆ ನೋಡಿದವರಿಗೆ ಗೊತ್ತಿರ್ತೈತಿ. ಸಾಹೇಬ್ರಿಗೆ ಹಾವೇರಿ ಏಲಕ್ಕಿ ಹಾರ, ಗಾಡಿಗೆ ಚಂಡೂ ಹೂವಿನ ಹಾರ, ಎರಡೂ ಕಡೆ ಬಾಳಿಗಂಬ, ಕ್ಯಾಬಿನ್ ಮ್ಯಾಲಿನ ಕಂಡೆನ್ಸರ್ ಜಾಳಿಗೆ ಅಡ್ಡ ಫ್ಲೆಕ್ಸ್, ಅಂದ್ರ ಒಳಗಿನ ಬಿಸಿ ಹೊರಗ ಹಾಕೂ ಒಂದ ಒಂದು ಕಿಡಕಿಗೆ ಸಾಹೇಬ್ರ ಮಾರಿ. ಹಿಂದಿನ ಬಾಗಲಾ ಪೂರಾ ತಗದು ಎಲ್ಲಾರೂ ಒಬ್ಬೊಬ್ರ ಹತ್ತಿ "ಆಹಾ, ಊಟಿ ಐತಲೇ" ಅಂತ ಸೆಲ್ಫಿ ಹೊಡದು ಇಳಿತಾರ. ಭಾಷಣ ಮುಗಿಯೂದರಾಗ ಊಟಿ ಗದಗ ಆಗಿರ್ತೈತಿ.

ನಗೂದು ಇಲ್ಲೀತನಕಾ ಖರೆ, ಲಸಿಕಿ ಬಂದಾಗ ನಗಿ ಬರೂದಿಲ್ಲ ನನಗ. ಭಾಳಷ್ಟು ಲಸಿಕಿನ 2ರಿಂದ 8 ಡಿಗ್ರಿ ನಡುವ ಇಡಬೇಕು. ಬಾಟ್ಲಿ ಮ್ಯಾಲೆ ಒಂದು ವರ್ತುಲ, ಅದರಾಗ ಸಣ್ಣ ಚೌಕ ಇರ್ತೈತಿ, ಬಿಸಿ ತಿಂದಷ್ಟೂ ಚೌಕ ಕಪ್ಪಾಕ್ಕೋತ ಹೋಗಿ ವರ್ತುಲದ ಬಣ್ಣಕ್ಕ ಬಂತಂದ್ರ ಒಗೀಬೇಕು. ಆದ್ರ ಅದು ಬಿಸಿ ಚಾಡಿ ಅಷ್ಟ ಹೇಳ್ತೈತಿ, ಥಂಡಿದು ಹೇಳೂದಿಲ್ಲ. ಐದ ರೋಗ ತಡಿಯೂ ಪೆಂಟಾವೇಲೆಂಟ್, ಹೆಪಟೈಟಿಸ್ ಬಿ ಇಂಥಾ ಲಸಿಕಿ ಹೆಪ್ಪುಗಟ್ಟಿದ್ರ ಮುಗೀತು, ಚೌಕ ಬೆಳ್ಳಗ ಇರ್ತೈತಿ, ಒಳಗ ಶಕ್ತಿ ಇರೂದಿಲ್ಲ. ಈಗ ನಮ್ಮ ಮೀಟಿಂಗ್ ಗಣಿತ ಹಚ್ಚಿ ನೋಡ್ರಿ. ಮುಂಜಾನೆ ಐಸ್‌ಪ್ಯಾಕಿನ ಬಾಜೂಕ ಮೈನಸ್ 2, ಮಧ್ಯಾಹ್ನ ಬಾಗಲಾದ ಹತ್ತಿರ ಪ್ಲಸ್ 12, ಸರಾಸರಿ 5. "ಎರಡರಿಂದ ಎಂಟರ ನಡುವ ಐತಿ, ಉತ್ತಮ" ಅಂತ ಷರಾ. ಒಮ್ಮೆ ಹೆಪ್ಪುಗಟ್ಟಿ ಒಮ್ಮೆ ಬೆಂದು ಬಂದದ್ದಕ್ಕ ಫಸ್ಟ್ ಕ್ಲಾಸು.

ಇಷ್ಟೆಲ್ಲಾ ಆದಮ್ಯಾಲೆ ಒಂದು ಕಮಿಟಿ ಕುಂತಿತ್ತು ಅಂತ ಇಟ್ಕೊಳ್ರಿ, ಊರು ಹೆಸರು ಬ್ಯಾಡ. ಗಿರಮಿಟ್, ಮಿರ್ಚಿ, ಚಾ ಆದಮ್ಯಾಲೆ ಠರಾವು ಆತು, ಪೆನ್ನಿನ ಮ್ಯಾಲೆ ಭರವಸೆ ಇಲ್ಲ, ಪ್ರತಿ ಗಾಡಿಗೆ ಡೇಟಾ ಲಾಗರ್ ತರಬೇಕು, ಥಂಡಿ ಎಷ್ಟೈತಿ ಅಂತ ಹತ್ತ ನಿಮಿಷಕ್ಕೊಮ್ಮೆ ತಾನ ಬರಕೋತೈತಿ, ಯಾರೂ ಸುಳ್ಳು ಹೇಳಾಕ ಬರೂದಿಲ್ಲ. ಚೊಲೋ ಠರಾವು, ನಾನೂ ಚಪ್ಪಾಳಿ ಹೊಡೀತಿದ್ದೆ. ಲಾಗರ್ ಬಂದ್ವು. ತುಟ್ಟಿ ಸಾಮಾನು, ಗಾಡಿಯೊಳಗ ಇಟ್ರ ಕಳೀತಾವು, ಹಮಾಲರ ಕಾಲಾಗ ಸಿಗ್ತಾವು, ಸ್ಟಾಕ್ ಬುಕ್ಕಿಗೆ ಯಾರು ಜವಾಬು ಕೊಡೂದು? ಅದಕ್ಕ ಸ್ಟೋರ್ ಕೀಪರ್ ಅವನ್ನೆಲ್ಲಾ ಆಫೀಸ್ ಫ್ರಿಜ್ಜಿನ ಫ್ರೀಜರ್ ಖಾನೆದಾಗ ಇಟ್ಟು ಕೀಲಿ ಹಾಕಿದಾ. ತಿಂಗಳಾದಮ್ಯಾಲೆ ಗ್ರಾಫ್ ತಗದ್ರು, ಅಳತಿಪಟ್ಟಿ ಇಟ್ಟು ಗೆರಿ ಹೊಡದಂಗ ಮೈನಸ್ 18, ಬೆಂಗಳೂರಿಗೆ ವರದಿ ಹೋತು. ಒಂದ ದಿನ ಮಾತ್ರ ಗೆರಿ ಮ್ಯಾಲೆ ಎದ್ದಿತ್ತು, ಸಾಹೇಬ್ರ ಶರಬತ್ತಿಗೆ ಬರ್ಫ ತಗೀಲಾಕ ಹೋದ ಸಿಪಾಯಿ ಬಾಗಲಾ ಸರಿ ಹಾಕಿರಲಿಲ್ಲಂತ. ಆ ದಿನ ಡ್ಯೂಟಿಮ್ಯಾಲೆ ಇದ್ದ ಡ್ರೈವರ್‌ಗೆ ಕಾರಣ ಕೇಳಿ ನೋಟೀಸ್ ಕಳಿಸ್ಯಾರ.