ಅಜ್ಜಿಮನೆ, ಜಿಎಸ್‌ಟಿ ಪ್ರತ್ಯೇಕ

ಏಪ್ರಿಲ್ ಎರಡನೆಯ ವಾರ ಬಂತೆಂದರೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಮುಖ ನೋಡಿಕೊಳ್ಳುವುದಕ್ಕೆ ಆಗುವುದಿಲ್ಲ. ಕನ್ನಡಿಯ ತುಂಬ ಬೇಸಿಗೆ ಶಿಬಿರಗಳ ಪೋಸ್ಟರ್. ರೋಬಾಟ್ ತಯಾರಿಕೆ, ವೇದಗಣಿತ, ಕುದುರೆ ಸವಾರಿ ಇವೆಲ್ಲ ಹಳೆಯ ಮಾಲು. ಈ ಸಲದ ಹೊಸ ಸರಕು ‘ಅಜ್ಜಿಮನೆ’. ನೀವೂ ನೋಡಿರುತ್ತೀರಿ. ಕನಕಪುರ ರಸ್ತೆಯಲ್ಲೋ ದೊಡ್ಡಬಳ್ಳಾಪುರದ ಆಚೆಯೋ ಒಂದು ತೋಟ, ತೋಟದ ನಡುವೆ ಹೋದ ವರ್ಷವಷ್ಟೇ ಕಟ್ಟಿದ ಪುರಾತನ ಹೆಂಚಿನ ಮನೆ, ಮಕ್ಕಳಿಗೆ ಐದು ದಿನ ಹಳ್ಳಿಯ ಅನುಭವ. ಊಟ, ಬಸ್ಸು, ಕೆಸರು ಎಲ್ಲ ಸೇರಿ ತಲೆಗೆ ಇಷ್ಟು. ಕೆಳಗೆ ಸಣ್ಣ ಅಕ್ಷರದಲ್ಲಿ: ಜಿಎಸ್‌ಟಿ ಪ್ರತ್ಯೇಕ.

ಇದು ಯಾರ ತಲೆಯಲ್ಲಿ ಹೊಳೆಯಿತೋ ಅವರಿಗೆ ಈ ಬಾರಿಯ ರಾಜ್ಯೋತ್ಸವ ಪ್ರಶಸ್ತಿಯನ್ನು ಅರ್ಜಿಯಿಲ್ಲದೆ ಕೊಡಬೇಕು. ಅಸಲಿ ಅಜ್ಜಿಮನೆಯ ದೋಷಗಳನ್ನೆಲ್ಲ ಅವರು ಒಂದೊಂದಾಗಿ ಪರಿಹರಿಸಿದ್ದಾರೆ. ಅಲ್ಲಿ ಹತ್ತು ಮಂದಿಗೆ ಒಂದೇ ಬಚ್ಚಲು. ರಾತ್ರಿ ಊಟಕ್ಕೆ ಕುಳಿತರೆ ದೊಡ್ಡಮಾವನಿಗೂ ಚಿಕ್ಕಮಾವನಿಗೂ ಬದುವಿನ ಜಗಳ. ಅಜ್ಜಿಯಾದವಳು ಮಗಳನ್ನು ಪಕ್ಕಕ್ಕೆ ಕರೆದು ‘ಇನ್ನೊಂದು ಮಗುವಿನ ಯೋಚನೆ ಏನಾಯಿತು’ ಎಂದು ಕೇಳಿಯೇ ಕೇಳುತ್ತಾಳೆ. ಶಿಬಿರದ ಅಜ್ಜಿ ಇಂಥದ್ದೇನೂ ಕೇಳುವುದಿಲ್ಲ. ಇಳಕಲ್ ಸೀರೆ, ಕಾಸಿನಗಲದ ಕುಂಕುಮ, ಹತ್ತರಿಂದ ಒಂದು ಗಂಟೆಯವರೆಗೆ ಕಥೆ, ಒಂದಕ್ಕೆ ಊಟದ ಬಿಡುವು. ಕಥೆಯಲ್ಲಿ ರಾಕ್ಷಸ ಬರುತ್ತಾನೆ, ಆದರೆ ಯಾರನ್ನೂ ತಿನ್ನುವುದಿಲ್ಲ. ಪೋಷಕರ ಒಪ್ಪಿಗೆ ಪಡೆದೇ ಅವನ ಹಲ್ಲು ಕಿತ್ತಿದ್ದಾರೆ.

ಈ ಶಿಬಿರಕ್ಕೆ ಮಗನನ್ನು ಕಳುಹಿಸಿದ ಮನೆಯೊಂದು ನಮ್ಮ ಏಳನೆಯ ಮಹಡಿಯಲ್ಲಿದೆ. ಅದೇ ಮನೆಯ ಬಾಲ್ಕನಿಯಲ್ಲಿ ಆ ಹುಡುಗನ ಸ್ವಂತ ಅಜ್ಜಿ ಬೆಳಗಿನಿಂದ ಸಂಜೆಯವರೆಗೆ ತುಳಸಿ ಗಿಡದ ಪಕ್ಕ ಕುಳಿತಿರುತ್ತಾರೆ. ತುಮಕೂರು ಕಡೆಯವರು, ಕಥೆಗೆ ಬರವಿಲ್ಲದ ಬಾಯಿ.

‘ಮಗು ಕಾಣುತ್ತಿಲ್ಲವಲ್ಲಮ್ಮ, ಎಲ್ಲಿ ಹೋಯಿತು?’

‘ಅಜ್ಜಿಮನೆಗೆ ಹೋಗಿದ್ದಾನೆ ಅತ್ತೆ.’

‘ನಿಮ್ಮ ತಾಯಿಯ ಹತ್ತಿರವೇ? ನಿನ್ನೆ ಫೋನಿನಲ್ಲಿ ಅವರು ಹೇಳಲೇ ಇಲ್ಲವಲ್ಲ.’

‘ಅಲ್ಲ ಅತ್ತೆ, ಅದು ಶಿಬಿರ. ಅಲ್ಲೊಬ್ಬರು ಅಜ್ಜಿ ಇದ್ದಾರೆ.’

ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ಅವಳಿಗೆ ಎಷ್ಟು ಕೊಡುತ್ತಾರಂತೆ?’ ಎಂದರು. ಈ ಇಡೀ ವ್ಯವಹಾರದಲ್ಲಿ ಇಲ್ಲಿಯವರೆಗೆ ಯಾರಾದರೂ ಕೇಳಿದ ಬುದ್ಧಿವಂತ ಪ್ರಶ್ನೆ ಇದೊಂದೇ.

ಆಟಗಳ ಬಗ್ಗೆ ಹೆಚ್ಚು ಬರೆದರೆ ಹೊಟ್ಟೆಕಿಚ್ಚು ಎನ್ನುತ್ತೀರಿ. ಮರ ಹತ್ತುವುದಕ್ಕೆ ಮೊದಲು ಅಪ್ಪ ಅಮ್ಮ ಇಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಆಮೇಲೆ ಹೆಲ್ಮೆಟ್, ಸೊಂಟಕ್ಕೆ ಹಗ್ಗ, ಕೆಳಗೆ ಹಾಸಿಗೆ, ಮೇಲೆ ಆಳೆತ್ತರದ ಒಂದು ಸೀಬೆ ಮರ. ಚಿನ್ನಿದಾಂಡಿನ ಚಿನ್ನಿ ರಬ್ಬರಿನದು. ಕೆಸರನ್ನು ಜರಡಿ ಹಿಡಿದಿರುತ್ತಾರೆ. ಬುಗುರಿಗೆ, ಮಕ್ಕಳ ಸುರಕ್ಷತೆಯ ದೃಷ್ಟಿಯಿಂದ, ಮೊಳೆ ಇಲ್ಲ. ಮೊಳೆ ಇಲ್ಲದ ಬುಗುರಿಯನ್ನು ಮೂವತ್ತು ಮಕ್ಕಳು ಚಾಟಿ ಸುತ್ತಿ ಎಸೆಯುತ್ತಾರೆ. ಅದು ನೆಲಕ್ಕೆ ಬಿದ್ದು ಹಾಗೆಯೇ ಮಲಗುತ್ತದೆ. ಎಲ್ಲರಿಗೂ ಪ್ರಮಾಣಪತ್ರ.

ಹಸುವಿನ ವಿಷಯ ಮಾತ್ರ ವಿವರವಾಗಿ ಹೇಳಲೇಬೇಕು. ಹಾಲು ಕರೆಯುವ ತರಗತಿಯನ್ನು ಮಧ್ಯಾಹ್ನ ಮೂರಕ್ಕೆ ಇಟ್ಟಿದ್ದಾರೆ, ಏಕೆಂದರೆ ಬೆಳಿಗ್ಗೆ ಯೋಗ, ಸಂಜೆ ಬೀಳ್ಕೊಡುಗೆ. ಊರಿನ ಡೇರಿಗೆ ಹಾಲು ಹಾಕುವುದು ಬೆಳಿಗ್ಗೆ ಮತ್ತು ಸಂಜೆ ಎಂಬುದು ಹಸುವಿಗೆ ಗೊತ್ತು, ಶಿಬಿರದ ವೇಳಾಪಟ್ಟಿಗೆ ಗೊತ್ತಿಲ್ಲ. ಜೊತೆಗೆ, ನಿಜವಾಗಿ ಹಾಲು ಕೊಡುವ ಕಪ್ಪು ಬಿಳುಪಿನ ಸೀಮೆಹಸು ಫೋಟೋದಲ್ಲಿ ಹಳ್ಳಿಯಂತೆ ಕಾಣುವುದಿಲ್ಲವಂತೆ. ನಾಟಿ ಹಸುವೇ ಬೇಕು. ಹಾಗಾಗಿ ಪಕ್ಕದ ಊರಿನಿಂದ ಗಂಟೆಯ ಬಾಡಿಗೆಗೆ ಹಳ್ಳಿಕಾರ್ ಹಸುವನ್ನು ಕರೆಸುತ್ತಾರೆ. ಹಳ್ಳಿಕಾರ್ ಉಳುಮೆಗೂ ಓಟಕ್ಕೂ ಹೆಸರಾದ ತಳಿ. ತನ್ನ ಕರುವಿಗೆ ಸಾಕಾಗುವಷ್ಟು ಹಾಲು ಕೊಡುವುದೇ ಅದರ ದೊಡ್ಡತನ. ಮಧ್ಯಾಹ್ನ ಮೂರಕ್ಕೆ ಮೂವತ್ತು ಅಪರಿಚಿತ ಕೈಗಳು ಸಾಲಾಗಿ ಬಂದು ಕೆಚ್ಚಲಿಗೆ ಕೈಹಾಕಿದರೆ ಅದು ಏನು ಮಾಡಬೇಕೋ ಅದನ್ನೇ ಮಾಡುತ್ತದೆ. ಒದೆಯುತ್ತದೆ. ಆ ಐದು ದಿನಗಳಲ್ಲಿ ಮಕ್ಕಳಿಗೆ ಸಿಗುವ ಅಪ್ಪಟ ಹಳ್ಳಿಯ ಅನುಭವ ಅದೊಂದೇ ಎಂದು ನನ್ನ ನಂಬಿಕೆ.

2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ದರ ಲೀಟರಿಗೆ 4 ರೂಪಾಯಿ ಏರಿದಾಗ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕಂಬನಿಯ ಕೋಡಿ ಹರಿದಿತ್ತು. ಏರಿಸಿದ ಹಣ ಹಾಲು ಹಾಕುವ ರೈತರಿಗೆ ಹೋಗುತ್ತದೆ ಎಂದು ಸರ್ಕಾರ ಹೇಳಿದರೂ ಯಾರೂ ಸಮಾಧಾನಗೊಳ್ಳಲಿಲ್ಲ. ಮಧ್ಯಮವರ್ಗ ಬದುಕುವುದು ಹೇಗೆ ಎಂದು ಅಂದು ಉದ್ದುದ್ದ ಬರೆದವರೇ ಇಂದು ಹಾಲಿಲ್ಲದ ಹಸುವಿನ ಹಾಲು ಕರೆಸಲು ಮಗನಿಗೆ ಸಾವಿರಗಟ್ಟಲೆ ಶುಲ್ಕ ಕಟ್ಟಿದ್ದಾರೆ.

ಮಕ್ಕಳಿಗೇ ಇಷ್ಟು ಸೌಕರ್ಯವಿರುವಾಗ ದೊಡ್ಡವರನ್ನು ಬಿಡುತ್ತಾರೆಯೇ? ಅವರಿಗೆ ವಾರಾಂತ್ಯದ ಒಂದು ದಿನದ ಪ್ಯಾಕೇಜ್ ಇದೆ. ಬೆಳಿಗ್ಗೆ ಹೋಗಿ ಸಂಜೆ ಬರುವುದು: ಎತ್ತಿನ ಗಾಡಿ, ಕೆಸರುಗದ್ದೆ, ಬಾಳೆಎಲೆ ಊಟ, ನಡುವೆ ಡಿಜೆ. ಇದಕ್ಕೆ ಉಡುಪೂ ಗೊತ್ತಾಗಿಬಿಟ್ಟಿದೆ. ಗಂಡಸರಿಗೆ ಸುಕ್ಕುಗಟ್ಟಿದ ಲಿನನ್ ಅಂಗಿ. ಅದು ಸುಕ್ಕುಗಟ್ಟಿರಬೇಕು, ಇಸ್ತ್ರಿ ಹಾಕಿದರೆ ಬೆಲೆ ಕಡಿಮೆ. ಕೆಳಗೆ ಉಡುವ ಶ್ರಮವಿಲ್ಲದ, ಅಂಟುಪಟ್ಟಿಯ, ಮೊಬೈಲಿಗೆ ಜೇಬಿರುವ ರೆಡಿಮೇಡ್ ಪಂಚೆ. ಹೆಂಗಸರಿಗೆ ಕೈಮಗ್ಗದ ಸೀರೆ, ಕಾಲಿಗೆ ಕ್ರೀಡಾಬೂಟು, ತಲೆಗೆ ನಮ್ಮ ಸೀಮೆಯ ಯಾವ ಹೊಲದಲ್ಲೂ ಯಾರೂ ಹಾಕಿಕೊಂಡಿರದ ಹುಲ್ಲಿನ ಟೋಪಿ. ಇದೆಲ್ಲ ಅವರವರ ಇಷ್ಟ, ನಾನು ಬಾಯಿ ಹಾಕುವುದಿಲ್ಲ. ಆದರೆ ಇತ್ತೀಚೆಗೆ ಕಂಡ ಒಂದು ಫೋಟೋದಲ್ಲಿ ಬಾಗಿಲಲ್ಲಿ ಸ್ವಾಗತಿಸುವ ಹುಡುಗಿ ಬಂದವರಿಗೆಲ್ಲ ಎಳನೀರು ಕೊಟ್ಟು, ಹೆಗಲಿಗೆ ಹಸಿರು ಶಾಲು ಹೊದಿಸುತ್ತಿದ್ದಳು. ‘ರೈತ ಲುಕ್’ ಅಂತೆ. ಸಂಜೆ ಹೋಗುವಾಗ ಹಿಂತಿರುಗಿಸಬೇಕು.

ಆ ಶಾಲಿನ ಕಥೆ ಇಂಥವರಿಗೆ ಯಾರು ಹೇಳುತ್ತಾರೆ! 1980ರಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು, ಹಸಿರು ಶಾಲು ಅದರ ಗುರುತಾಯಿತು. ಹಸಿರು ಶಾಲು ಹೊದ್ದವನು ಕಚೇರಿಗೆ ಬಂದರೆ ತಹಶೀಲ್ದಾರರು ಕುರ್ಚಿಯಿಂದ ಏಳುತ್ತಿದ್ದ ಕಾಲವೊಂದಿತ್ತು. ತೀರಾ ಈಚೆಗೆ, ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯವರು 1,777 ಎಕರೆ ಭೂಮಿಯನ್ನು ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತಿದ್ದು ಇದೇ ಶಾಲಿನಲ್ಲಿ. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನವನ್ನು ಕೈಬಿಡುವ ತನಕ ಪ್ರತಿ ಶನಿವಾರ ಆ ತಾಲ್ಲೂಕನ್ನು ಹಾದು ನಂದಿಬೆಟ್ಟದ ಸೂರ್ಯೋದಯಕ್ಕೆ ಓಡಿದ ಕಾರುಗಳಲ್ಲಿ ಎಷ್ಟು ಮಂದಿಗೆ ಆ ಧರಣಿಯ ಸುದ್ದಿ ತಿಳಿದಿತ್ತೋ. ಈಗ ಶಾಲು ಬಾಡಿಗೆಗೆ ಸಿಗುತ್ತದೆ, ಮಧ್ಯಾಹ್ನದ ಊಟವೂ ಅದರಲ್ಲೇ ಸೇರಿದೆ.

ಊಟ ಎಂದ ಕೂಡಲೇ ರಾಗಿ ಎನ್ನಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಘೋಷಿಸಿದಾಗಿನಿಂದ ಬೆಂಗಳೂರಿನಲ್ಲಿ ರಾಗಿಗೆ ಬಿಡುವಿಲ್ಲ. ರಾಗಿ ಪಿಜ್ಜಾ ಆಯಿತು, ರಾಗಿ ಕೇಕ್ ಆಯಿತು, ಈಗ ಮುದ್ದೆ ಮತ್ತೆ ಮುದ್ದೆಯೇ ಆಗಿ ಬಂದಿದೆ, ಅಂಗೈಯಗಲದ ಕಪ್ಪು ಕಲ್ಲಿನ ಮೇಲೆ, ನಿಂಬೆಹಣ್ಣಿನ ಗಾತ್ರದಲ್ಲಿ. ಪಕ್ಕದಲ್ಲಿ ನಿಂತ ಯುವಕ ವಿವರಿಸುತ್ತಾನೆ: ‘ಸಾರ್, ಇದು ಅಪ್ಪಟ ದೇಸಿ ರಾಗಿ, ಯಾವ ಕಲಬೆರಕೆಯೂ ಇಲ್ಲದ ಈ ಮಣ್ಣಿನ ಮೂಲ ಧಾನ್ಯ.’ ಪಾಪ, ಅವನಿಗೆ ಬರೆದುಕೊಟ್ಟದ್ದನ್ನು ಅವನು ಒಪ್ಪಿಸುತ್ತಾನೆ. ರಾಗಿ ಹುಟ್ಟಿದ್ದು ಆಫ್ರಿಕಾದ ಪೂರ್ವದ ಎತ್ತರದ ಪ್ರದೇಶಗಳಲ್ಲಿ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ನಮ್ಮದಾಯಿತು. ಬಂದದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಮಂಡ್ಯದ ವಿ.ಸಿ. ಫಾರ್ಮ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಇದ್ದರು, ಜನ ಅವರನ್ನು ಕರೆದದ್ದೇ ರಾಗಿ ಲಕ್ಷ್ಮಣಯ್ಯ ಎಂದು. ಮೆಕ್ಕೆಜೋಳದ ಎರಡು ತಳಿಗಳನ್ನು ಬೆರೆಸಿದಂತೆ ರಾಗಿಯ ತಳಿಗಳನ್ನು ಸುಲಭವಾಗಿ ಬೆರೆಸುವಂತಿಲ್ಲ; ಅದರ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ತನ್ನ ಪರಾಗದಲ್ಲಿ ತಾನೇ ಕಾಳು ಕಟ್ಟುವ ಬೆಳೆ. ಆ ಹೂವಿನ ಮುಂದೆ ತಾಳ್ಮೆಯಿಂದ ಕುಳಿತು ಅವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಸೆದರು. ಇಂಡಾಫ್ ತಳಿಗಳು ಹಾಗೆ ಬಂದವು, ಎಕರೆಯ ಇಳುವರಿ ಏರಿತು, ಬಯಲುಸೀಮೆಯ ಎಷ್ಟೋ ಮನೆಗಳ ಕಣಜ ತುಂಬಿತು. ಬೆಂಗಳೂರಿನಲ್ಲಿ ಎರಡು ಸಾಲು ಹಾಡಿದವನ ಹೆಸರಿನಲ್ಲಿ ವೃತ್ತವಿದೆ. ಲಕ್ಷ್ಮಣಯ್ಯನವರ ಹೆಸರನ್ನು ಕನಿಷ್ಠ ಮುದ್ದೆಯ ಕಲ್ಲಿನ ಮೇಲಾದರೂ ಕೆತ್ತಿಸಬಹುದಿತ್ತು.

ಲೆಕ್ಕ ಬೇಡವೆಂದರೂ ಕೈ ಸುಮ್ಮನಿರುವುದಿಲ್ಲ. 2025–26ಕ್ಕೆ ಕೇಂದ್ರ ನಿಗದಿ ಮಾಡಿದ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಕಿಲೋ ಹಿಟ್ಟಿಗೆ ಸಾಧಾರಣ ಗಾತ್ರದ ಹತ್ತು ಮುದ್ದೆ ಹಿಡಿದರೆ, ಒಂದು ಮುದ್ದೆಯಲ್ಲಿ ರೈತನ ಪಾಲು ಐದು ರೂಪಾಯಿ. ಅದೂ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಸರದಿ ಕಾದವನಿಗೆ. ಕಲ್ಲಿನ ಮೇಲಿನ ಮುದ್ದೆಯ ಬೆಲೆಯನ್ನು ನಾನು ಬರೆಯುವುದಿಲ್ಲ. ಬಿಲ್ಲಿನಲ್ಲಿ ಸೇವಾಶುಲ್ಕವೇ ಐದು ರೂಪಾಯಿಗಿಂತ ಹೆಚ್ಚಿರುತ್ತದೆ ಎಂದರೆ ಸಾಕು.

ಮೇ ತಿಂಗಳಲ್ಲಿ ಇದೇ ಜನ ಮಾವು ಕೀಳಲು ಹೋಗುತ್ತಾರೆ. ತೋಟಕ್ಕೆ ಹೋಗಿ, ಮರದಿಂದ ಕೈಯಾರೆ ಕಿತ್ತು, ತೂಗಿಸಿ ತರುವುದು; ಒಳ್ಳೆಯ ಏರ್ಪಾಡು, ಬೆಳೆಗಾರನಿಗೆ ನಡುವೆ ದಲ್ಲಾಳಿ ಇಲ್ಲದೆ ನಾಲ್ಕು ಕಾಸು ಸಿಗುತ್ತದೆ. ಇದನ್ನು ಹಾಸ್ಯ ಮಾಡಲು ನನಗೆ ಮನಸ್ಸಿಲ್ಲ. ಆದರೆ ಎಲ್ಲರಿಗೂ ಬಾದಾಮಿ ಬೇಕು, ರಸಪುರಿ ಬೇಕು. ಗಿಣಿಮೂತಿಯ ಮರದ ಕೆಳಗೆ ಯಾರೂ ಸೆಲ್ಫಿ ತೆಗೆಸಿಕೊಳ್ಳುವುದಿಲ್ಲ. 2025ರ ಜೂನ್‌ನಲ್ಲಿ ಅದೇ ಗಿಣಿಮೂತಿಯನ್ನು, ಅಂದರೆ ತೋತಾಪುರಿಯನ್ನು, ಶ್ರೀನಿವಾಸಪುರದ ಬೆಳೆಗಾರರು ರಸ್ತೆಗೆ ಸುರಿದರು. ಬೆಲೆ ಬಿದ್ದುಹೋಗಿತ್ತು, ರಸ ತೆಗೆಯುವ ಕಾರ್ಖಾನೆಗಳಿರುವ ಚಿತ್ತೂರಿನ ಆಡಳಿತ ನಮ್ಮ ಕಾಯಿ ಒಳಬರದಂತೆ ಗಡಿಯಲ್ಲಿ ತಡೆದಿತ್ತು. ಕೊನೆಗೆ ಕ್ವಿಂಟಲಿಗೆ 1,616 ರೂಪಾಯಿಯ ಲೆಕ್ಕದಲ್ಲಿ ನೆರವು ಎಂದು ಕೇಂದ್ರ ಒಪ್ಪಿತು. ಕಿಲೋಗೆ ಹದಿನಾರು ರೂಪಾಯಿ ಚಿಲ್ಲರೆ. ಕೋಲಾರ ಇಲ್ಲಿಂದ ಎರಡು ಗಂಟೆಯ ದಾರಿ. ಆ ವಾರ ಒಂದು ಕಾರೂ ಆ ಕಡೆ ಹೊರಳಲಿಲ್ಲ. ವರ್ಷವಿಡೀ ಹಳ್ಳಿ ಹಳ್ಳಿ ಎಂದು ಹಂಬಲಿಸುವ ನಗರಕ್ಕೆ ಹಳ್ಳಿ ನಿಜವಾಗಿ ಕೂಗಿದಾಗ ಕಿವಿ ಕೇಳುವುದಿಲ್ಲ. ಹಣ್ಣು ಕೊಳೆಯುವ ವಾಸನೆ ಯಾವ ಪ್ಯಾಕೇಜಿನಲ್ಲೂ ಸೇರಿಲ್ಲ. ಇದನ್ನು ನಗುತ್ತಾ ಬರೆಯಲು ನನಗೆ ಬರುತ್ತಿಲ್ಲ, ಮುಂದಕ್ಕೆ ಹೋಗೋಣ.

ಒಂದು ದಿನದ ಹಳ್ಳಿ ಸಾಲದವರಿಗೆ ಸ್ವಂತ ಹಳ್ಳಿಯೂ ಸಿಗುತ್ತದೆ. ಹತ್ತು ಗುಂಟೆಯ ‘ಫಾರ್ಮ್’. ಮೊದಲೆಲ್ಲ ಇದಕ್ಕೆ ಅಡ್ಡಿಯಿತ್ತು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಎಂಬ ಕಲಮುಗಳು ಬೇಸಾಯಗಾರನಲ್ಲದವನು, ಹೊರಗಿನ ಆದಾಯ ಮಿತಿ ಮೀರಿದವನು ಹೊಲ ಕೊಳ್ಳದಂತೆ ಕಾವಲು ಕಾಯುತ್ತಿದ್ದವು. ಕಾವಲು ಕಾಯುತ್ತಿದ್ದವೋ ಲಂಚ ಕಾಯುತ್ತಿದ್ದವೋ ಎಂಬ ತಕರಾರೂ ಇತ್ತೆನ್ನಿ. 2020ರಲ್ಲಿ ಎರಡನ್ನೂ ಕಿತ್ತುಹಾಕಿದರು. ಅಲ್ಲಿಂದೀಚೆಗೆ ಸಾಫ್ಟ್‌ವೇರಿನವರೆಲ್ಲ ರೈತರು. ಕಂಪನಿಯೇ ಬೇಲಿ ಹಾಕುತ್ತದೆ, ಕಂಪನಿಯೇ ಮಹಾಗನಿ, ಶ್ರೀಗಂಧ, ಬೆಣ್ಣೆಹಣ್ಣು ನೆಡುತ್ತದೆ, ಕಂಪನಿಯೇ ನೀರು ಬಿಡುತ್ತದೆ; ರೈತ ತಿಂಗಳಿಗೊಮ್ಮೆ ಬಂದು ಈಜುಕೊಳದಲ್ಲಿ ಇಳಿಯುತ್ತಾನೆ. ಆ ಕೊಳಕ್ಕೂ ಪಕ್ಕದ ಹೊಲದ ಬತ್ತಿದ ಕೊಳವೆಬಾವಿಗೂ ಸಂಬಂಧವಿಲ್ಲ ಎಂದು ಕಂಪನಿಯ ಪುಸ್ತಿಕೆ ಹೇಳುತ್ತದೆ.

ನಮ್ಮ ನಾಲ್ಕನೆಯ ಮಹಡಿಯ ಮಹನೀಯರೊಬ್ಬರು ಹೀಗೆ ರೈತರಾಗಿದ್ದಾರೆ. ಮೊನ್ನೆ ಸಿಕ್ಕಾಗ ತುಂಬ ನೊಂದುಕೊಂಡಿದ್ದರು. ಅವರ ಫಾರ್ಮಿನ ಬೇಲಿಗೆ ತಾಗಿದ ಹೊಲದವನು ಶನಿವಾರವೇ ತಿಪ್ಪೆಗೊಬ್ಬರ ಚೆಲ್ಲುತ್ತಾನಂತೆ. ಮಕ್ಕಳು ಬಾರ್ಬೆಕ್ಯೂ ಬಿಟ್ಟು ಒಳಗೆ ಓಡಿದರಂತೆ. ಫಾರ್ಮ್ ಮಾಲೀಕರೆಲ್ಲ ಸಂಘ ಕಟ್ಟಿಕೊಂಡು ಅವನ ಬಳಿ ಹೋಗಿ, ವಾರದ ದಿನಗಳಲ್ಲಿ ಗೊಬ್ಬರ ಹಾಕಿಕೊಳ್ಳಿ, ಶನಿವಾರ ಭಾನುವಾರ ಬೇಡ ಎಂದು ಸೌಜನ್ಯದಿಂದಲೇ ಕೇಳಿದ್ದಾರೆ.

‘ಅವನು ಏನೆಂದ?’ ಎಂದೆ.

‘ಮಳೆಗೆ ಹೇಳಿ ಬನ್ನಿ ಸ್ವಾಮಿ, ಸೋಮವಾರ ಬರಲಿ ಎಂದು. ನಾನೂ ಸೋಮವಾರವೇ ಹಾಕುತ್ತೇನೆ ಎಂದ. ಎಂಥ ಉದ್ಧಟತನ ನೋಡಿ.’

ಸಂಘದವರು ಈಗ ಗ್ರಾಮ ಪಂಚಾಯಿತಿಗೆ ದೂರು ಕೊಡಲಿದ್ದಾರೆ. ಕರಡು ಸಿದ್ಧವಾಗಿದೆ, ಇಂಗ್ಲಿಷಿನಲ್ಲಿದೆ. ಅದನ್ನು ಕನ್ನಡ ಮಾಡಿಕೊಡುತ್ತೀರಾ ಎಂದು ಕೇಳಲು ಅವರು ನನ್ನನ್ನು ನಿಲ್ಲಿಸಿದ್ದು.